ಬಸಿದ ನೀರಿನ ಲೆಕ್ಕ

ರಿಜಿಸ್ಟರ್ಡ್ ಡಯೆಟಿಷಿಯನ್ (ಆರ್.ಡಿ.) ಪರೀಕ್ಷೆಗೆ ಓದುತ್ತಿರುವ ಹುಡುಗಿ ಒಂದು ಭಾನುವಾರ ಮಧ್ಯಾಹ್ನ ದೊಡ್ಡಮ್ಮನನ್ನು ಕೇಳಿದಳು: "ನಿಮ್ಮ ಕಾಲದಲ್ಲಿ ಆ್ಯಪ್ ಇಲ್ಲ, ಪ್ರೋಟೀನ್ ಪೌಡರ್ ಇಲ್ಲ. ದಿನವಿಡೀ ಆಸ್ಪತ್ರೇಲಿ ಏನ್ ಮಾಡ್ತಿದ್ರಿ ದೊಡ್ಡಮ್ಮ?"

"ಪ್ರೋಟಿನೆಕ್ಸ್ ಇತ್ತು ಕಣೇ," ಎಂದರು ಅವರು. ಮಿಕ್ಕ ಪ್ರಶ್ನೆಗೆ ಉತ್ತರ ದೀಪ ಹಚ್ಚುವವರೆಗೂ ನಡೆಯಿತು.

ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಡಯೆಟಿಷಿಯನ್ ಆಗಿದ್ದು ನಿವೃತ್ತರಾದವರು ದೊಡ್ಡಮ್ಮ. ಇಸವಿ ಕೇಳಿದರೆ ತಡವರಿಸುತ್ತಾರೆ. ಸರ್ವಿಸ್ ರಿಜಿಸ್ಟರಿನ ದಿನಾಂಕ ತೋರಿಸಿದರೆ ಅದು ಗುಮಾಸ್ತನ ತಪ್ಪು ಎನ್ನುತ್ತಾರೆ. ಇಂದಿರಾ ಗಾಂಧಿ ಹತ್ಯೆಯಾದ ವರ್ಷ ಎಂ.ಎಸ್ಸಿ. ಮುಗಿಯಿತು ಎನ್ನುವುದೊಂದು ಮಾತ್ರ ಖಚಿತ. ಅಂದರೆ 1984.

ಓದಿದ್ದು ಮೈಸೂರಿನಲ್ಲಿ. ಆ ಊರಿಗೆ ಆಹಾರ ವಿಜ್ಞಾನ ಹೊಸದೇನಲ್ಲ; ಚೆಲುವಾಂಬ ಮ್ಯಾನ್ಷನ್ನಿನಲ್ಲಿ ಸಿ.ಎಫ್.ಟಿ.ಆರ್.ಐ. ಶುರುವಾದದ್ದು 1950ರಲ್ಲಿ. ಅಲ್ಲಿನ ಎಂ. ಸ್ವಾಮಿನಾಥನ್ ಬರೆದ ದಪ್ಪ ಪಠ್ಯಪುಸ್ತಕಗಳನ್ನು ತಲೆಯ ಕೆಳಗಿಟ್ಟುಕೊಂಡೇ ಹಾಸ್ಟೆಲಿನ ಹುಡುಗಿಯರು ಮಲಗುತ್ತಿದ್ದರು. ಅವರೆಕಾಳಿನಲ್ಲಿ ಪ್ರೋಟೀನ್ ಎಷ್ಟಿದೆಯೆಂದು ತಿಳಿಯಲು ಅದನ್ನು ಗಂಧಕಾಮ್ಲದಲ್ಲಿ ಕುದಿಸಿ, ಸಾರಜನಕ ಅಳೆದು, 6.25ರಿಂದ ಗುಣಿಸಬೇಕಿತ್ತು. ಈ ಕೆಲ್ಡಾಲ್ ವಿಧಾನ 1883ರಲ್ಲಿ ಡೆನ್ಮಾರ್ಕಿನ ಬಿಯರ್ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಹುಟ್ಟಿದ್ದು ಎನ್ನುವಾಗ ಮೇಷ್ಟ್ರು ದನಿ ತಗ್ಗಿಸುತ್ತಿದ್ದರಂತೆ.

ಆಮೇಲೆ ಇಲಿಗಳು. ತಾಯಿಹಾಲು ಬಿಟ್ಟ ಮರಿಗಳಿಗೆ ನೂರಕ್ಕೆ ಹತ್ತು ಪಾಲು ಪ್ರೋಟೀನ್ ಇರುವ ಆಹಾರ ಹಾಕಿ ನಾಲ್ಕು ವಾರ ತೂಗಬೇಕು. ತಿಂದ ಒಂದೊಂದು ಗ್ರಾಂ ಪ್ರೋಟೀನಿಗೆ ಎಷ್ಟು ಗ್ರಾಂ ಮೈ ಬಂತು ಎಂಬುದೇ ಲೆಕ್ಕ. ಹಾಲಿನ ಕೇಸೀನಿಗೆ ಅದನ್ನು 2.5 ಎಂದು ಹಿಡಿದು ಉಳಿದವನ್ನು ಅದಕ್ಕೆ ಹೋಲಿಸುತ್ತಿದ್ದರು. ನಾಲ್ಕು ವಾರದ ನಂತರ ಇಲಿಗಳು ಏನಾಗುತ್ತಿದ್ದವು ಎಂದು ಹುಡುಗಿ ಕೇಳಿದಾಗ ದೊಡ್ಡಮ್ಮ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದರು.

ಈ ದೇಶದ ಪೋಷಣೆಯ ಪಾಠಕ್ಕೂ ಇಲಿಗಳಿಗೂ ನಂಟು ಹಳೆಯದು. 1918ರಲ್ಲಿ ಕೂನೂರಿನ ಪಾಸ್ಚರ್ ಇನ್‌ಸ್ಟಿಟ್ಯೂಟಿನ ಒಂದು ಕೋಣೆಯಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಬೆರಿಬೆರಿಯ ಶೋಧಕ್ಕೆ ಕೂತರು. ಅದೇ ಬೆಳೆದು 1958ರಲ್ಲಿ ಹೈದರಾಬಾದಿಗೆ ಹೋಯಿತು, ಮುಂದೆ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಮೆಕ್‌ಕ್ಯಾರಿಸನ್ ಬೇರೆ ಬೇರೆ ಪ್ರಾಂತ್ಯದವರ ಊಟವನ್ನು ಇಲಿಗಳಿಗೆ ತಿನ್ನಿಸಿ ನೋಡಿದಾಗ ಗೋಧಿ, ಬೇಳೆ, ಹಾಲಿನ ಸಿಖ್ಖರ ಊಟ ಗೆದ್ದಿತು, ಅನ್ನದ ಮದ್ರಾಸಿ ಊಟ ಹಿಂದೆ ಬಿತ್ತು. ಪಾಲಿಶ್ ಅಕ್ಕಿಯನ್ನು ಉಜ್ಜಿ ತೊಳೆದು, ಗಂಜಿ ಬಸಿದು ಚೆಲ್ಲಿದರೆ ಥಯಾಮಿನ್ ಕೈತಪ್ಪುತ್ತದೆ ಎಂಬುದು ತರಗತಿಯಲ್ಲಿ ಮತ್ತೆ ಮತ್ತೆ ಕೇಳಿದ ಪಾಠ. ಬಸಿದ ನೀರು ಚೆಲ್ಲಬಾರದು ಎಂದು ಸೆರಗಿಗೆ ಗಂಟು ಹಾಕಿಕೊಂಡೇ ದೊಡ್ಡಮ್ಮ ಆಸ್ಪತ್ರೆಗೆ ಸೇರಿದರು.

ಕಿಡ್ನಿ ವಾರ್ಡು ಆ ಗಂಟನ್ನು ಬಿಚ್ಚಿಸಿತು. ಅಲ್ಲಿನವರಿಗೆ ಪೊಟ್ಯಾಸಿಯಂ ಏರಿದರೆ ಎದೆಬಡಿತವೇ ತಪ್ಪುತ್ತದೆ. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಲೇಬೇಕು. ಇದನ್ನು ಭಟ್ಟರಿಗೆ ಹೇಳುವವರು ಯಾರು?

ಭಟ್ಟರು ಹಾಸನದ ಕಡೆಯವರು, ಅಡುಗೆಮನೆಯ ಯಜಮಾನರು. ಡಯಟ್ ಶೀಟನ್ನು ಅವರು ಓದುತ್ತಿರಲಿಲ್ಲ. ವಾರ್ಡಿನಿಂದ ವಾಪಸು ಬಂದ ತಟ್ಟೆಗಳನ್ನು ಓದುತ್ತಿದ್ದರು. ಯಾರು ಅನ್ನ ಬಿಟ್ಟರು, ಯಾರು ಪಲ್ಯ ಮುಟ್ಟಲಿಲ್ಲ, ಯಾರ ತಟ್ಟೆಗೆ ಮನೆಯ ಉಪ್ಪಿನಕಾಯಿ ಕದ್ದು ಬಂದಿದೆ ಎಂಬುದೆಲ್ಲ ತೊಳೆಯುವ ಕಟ್ಟೆಯ ಬಳಿಯೇ ಅವರಿಗೆ ತಿಳಿಯುತ್ತಿತ್ತು. ಉಪ್ಪಿಲ್ಲದ ಸಾರಿಗೆ ಜೀರಿಗೆ, ಮೆಣಸು ಹುರಿದು ಕುಟ್ಟಿ, ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ, ಇಂಗಿನ ಒಗ್ಗರಣೆ ಕೊಡುತ್ತಿದ್ದರು. ನಾಲಿಗೆಗೆ ಹಾಕಿ ನೋಡುವ ಅಭ್ಯಾಸವಿಲ್ಲ, ಮಡಿ. ಮೂಸಿಯೇ "ಆಯ್ತು, ಕಳ್ಸಿ" ಎನ್ನುತ್ತಿದ್ದರು. ಆ ಸಾರನ್ನು ಈಗಲೂ ಯಾರಿಂದಲೂ ಮಾಡಲಾಗದು ಎಂಬುದು ದೊಡ್ಡಮ್ಮನ ಹಟ.

"ನಿಮ್ಮ ಭಟ್ಟರಿಗೆ ಪೊಟ್ಯಾಸಿಯಂ ಅಂದ್ರೆ ಗೊತ್ತಿತ್ತಾ?" ಎಂದಳು ಹುಡುಗಿ.

ಎಲ್ಲಿ ಬಂತು! ತರಕಾರಿ ನೀರು ಚೆಲ್ಲಿ ಎಂದಾಗ ಹೂಂ ಎಂದರು, ಬಸಿದರು, ಪಾತ್ರೆ ಬದಿಗಿಟ್ಟರು. ಮರುದಿನ ಕಿಡ್ನಿ ವಾರ್ಡಿನ ಸಾರು ಎಂದಿಲ್ಲದ ರುಚಿ. ವಿಚಾರಿಸಿದರೆ, "ಬಸಿದ ನೀರು ಚೆಲ್ಲೋರುಂಟೇನಮ್ಮಾ? ಬಸ್ಸಾರು ಮಾಡಿದೆ." ಅಂದಿನಿಂದ ಬಸಿಯುವ ಹೊತ್ತಿಗೆ ಡಯೆಟಿಷಿಯನ್ ಖುದ್ದು ಮೋರಿಯ ಪಕ್ಕ ನಿಲ್ಲುವುದೆಂದಾಯಿತು.

ಆ ಅಡುಗೆಮನೆಗೆ ಇನ್ನೊಂದು ಮುಖವೂ ಇತ್ತು. ಮೊಟ್ಟೆ ಬೇಯುತ್ತಿದ್ದುದು ಹಿತ್ತಲ ಶೆಡ್ಡಿನಲ್ಲಿ, ಬೇರೆ ಒಲೆ, ಬೇರೆ ಪಾತ್ರೆ. ಬೇಯಿಸುವ ಹೆಂಗಸು ಒಳಗಿನ ಹೊಸಿಲು ತುಳಿಯುವಂತಿರಲಿಲ್ಲ, ಆಕೆಯ ಜಾತಿಯ ಕಾರಣಕ್ಕೆ. ಸಂಬಳ ಎಲ್ಲರಿಗೂ ಒಂದೇ ಖಜಾನೆಯಿಂದ. ಹುಡುಗಿ ಕೆರಳಿದಳು. ದೊಡ್ಡಮ್ಮ ಸಮರ್ಥಿಸಲಿಲ್ಲ, ಭಟ್ಟರ ಸಾರನ್ನು ಹೊಗಳುವುದನ್ನೂ ನಿಲ್ಲಿಸಲಿಲ್ಲ.

ಆ ಹೆಂಗಸು ಕೊಟ್ಟ ಮೊಟ್ಟೆ, ಕುದಿಸಿದ ಹಾಲು, ಸಕ್ಕರೆ, ಗಂಜಿ, ಒಂದಿಷ್ಟು ಎಣ್ಣೆ, ಎಲ್ಲ ಸೇರಿಸಿ ಕಡೆದು ಬಟ್ಟೆಯಲ್ಲಿ ಸೋಸಿದರೆ ಮೂಗಿನ ನಳಿಗೆಯ ರೋಗಿಗಳಿಗೆ ಊಟ. ತಳ ಹಿಡಿದ ಹಾಲಿನ ಕಮಟು, ಅದರ ಮೇಲೆ ಹಸಿ ಮೊಟ್ಟೆಯ ನೀಸು, ಒಳಗೆಲ್ಲೋ ಏಲಕ್ಕಿಯ ಎಳೆ (ನುಂಗಲಾರದವರಿಗೆ ಏಲಕ್ಕಿ ಯಾಕೆಂದರೆ, ಕುಡಿಸುವ ನರ್ಸಮ್ಮನಿಗೆ ವಾಸನೆ ಬರಬಾರದಲ್ಲ ಎಂದು ಭಟ್ಟರ ಉತ್ತರ). ಸೆರಗಿಗೆ ಅಂಟಿದ ಆ ವಾಸನೆ ಒಗೆದರೂ ಹೋಗುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರು ಸರಿದು ಕೂರುತ್ತಿದ್ದರು. ಈಗ ಡಬ್ಬಿಯ ಪುಡಿ ಬಂದಿದೆ. ಎಷ್ಟು ಚಮಚಕ್ಕೆ ಎಷ್ಟು ಕ್ಯಾಲೊರಿ ಎಂಬುದು ಮೊದಲೇ ಗೊತ್ತು; ಕೈಯಿಂದ ಕೈಗೆ ಹೋಗಿ ಕೆಡುವ ಭಯ ಕಡಿಮೆ. ರೋಗಿಗೆ ಇದೇ ಒಳ್ಳೆಯದು ಎಂದು ದೊಡ್ಡಮ್ಮ ಒಪ್ಪುತ್ತಾರೆ, ಮನಸ್ಸಿಲ್ಲದ ಮನಸ್ಸಿನಿಂದ.

ಅವರಿಗೆ ಎಲ್ಲಕ್ಕಿಂತ ಇಷ್ಟದ ಕಥೆ ಮಾಗಡಿ ಕಡೆಯ ರೈತನ ಚೌಕಾಸಿಯದು. ಸಕ್ಕರೆ ಕಾಯಿಲೆ ಎಂದು ಡಾಕ್ಟರು ಮುದ್ದೆ ಬಿಡಿಸಿ ಚಪಾತಿ ಬರೆದಿದ್ದರು. ಸಿಖ್ ಇಲಿಯ ಪ್ರಭಾವವೋ ಏನೋ, ಆಗ ಎಲ್ಲರಿಗೂ ಚಪಾತಿಯೇ. "ಮುದ್ದೆ ಬುಟ್ರೆ ಗೇಯೋದೆಂಗೆ ಅಮ್ಮಾವ್ರೆ? ಹೊತ್ತಿಗೆ ಮೂರು ಕೊಡಿ." ಒಂದು ಎಂದರು ಇವರು. ಎಲ್ಡೂವರೆ ಎಂದ ಅವನು. ಪೋಷಣಾ ಸಂಸ್ಥೆಯ ಪುಸ್ತಕದ ಪ್ರಕಾರ 100 ಗ್ರಾಂ ರಾಗಿಗೆ 328 ಕ್ಯಾಲೊರಿ, ಅಕ್ಕಿಗೆ 345. ಸುಣ್ಣದಂಶ ರಾಗಿಯಲ್ಲಿ 344 ಮಿಲಿಗ್ರಾಂ, ಅಕ್ಕಿಯಲ್ಲಿ ಹತ್ತೇ. ಆದರೆ ಮುದ್ದೆಗೆ ಹಿಟ್ಟೆಷ್ಟು ಎಂಬುದು ಯಾವ ಪುಸ್ತಕದಲ್ಲೂ ಇರಲಿಲ್ಲ. ಅವನ ಹೆಂಡತಿಯನ್ನೇ ಅಡುಗೆಮನೆಗೆ ಕರೆದು, ಹಿಟ್ಟು ತೂಗಿ, ಮುದ್ದೆ ಕಟ್ಟಿಸಿದರು. ಆ ತಾಯಿ ಕಟ್ಟಿದ್ದು ತೆಂಗಿನಕಾಯಿ ಗಾತ್ರದ್ದು. ಕೊನೆಗೆ ವ್ಯವಹಾರ ಕುದುರಿತು: ಹೊತ್ತಿಗೆ ಒಂದೇ ಮುದ್ದೆ, ಅದರ ಅರ್ಧ ಗಾತ್ರದ್ದು, ಸೊಪ್ಪಿನ ಸಾರು ಎಷ್ಟಾದರೂ ಸರಿ. ಅವನು ಹೊರಡುವಾಗ, "ಕಾಳು ಸಾರೂ ಸೇರಿಸ್ಕೊಳ್ಳಿ" ಎಂದು ಗಿಟ್ಟಿಸಿಕೊಂಡ.

ಡಯೆಟಿಷಿಯನ್ ಆಗಲು ಈಗಿನ ದಾರಿ ನೇರವಾಗಿದೆ, ಕಾಗದದ ಮೇಲೆ. ಸ್ನಾತಕೋತ್ತರ ಪದವಿ ಅಥವಾ ಡಿಪ್ಲೊಮಾ, ಆರು ತಿಂಗಳು ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್, ಆಮೇಲೆ ಇಂಡಿಯನ್ ಡಯೆಟೆಟಿಕ್ ಅಸೋಸಿಯೇಷನ್ನಿನ ಆರ್.ಡಿ. ಪರೀಕ್ಷೆ. ಅಮೆರಿಕದಲ್ಲಿ ಇಂಥ ಪರೀಕ್ಷೆಗೆ ಸ್ನಾತಕೋತ್ತರ ಪದವಿ ಕಡ್ಡಾಯವಾದದ್ದು 2024ರಲ್ಲಷ್ಟೇ ಎನ್ನುವಾಗ ದೊಡ್ಡಮ್ಮನ ಮುಖದಲ್ಲಿ ಸಣ್ಣ ಜಂಬ. ಇಲ್ಲಿ ಡಯೆಟಿಷಿಯನ್, ನ್ಯೂಟ್ರಿಷನಿಸ್ಟ್ ಎಂಬ ವೃತ್ತಿಗಳನ್ನು ಹೆಸರಿಸಿ ಕಾನೂನು ಬಂದದ್ದು 2021ರಲ್ಲಿ. ಬಂದ ಮೇಲೂ ಜಿಮ್ಮಿನ ಪಕ್ಕದ ಬೋರ್ಡುಗಳು ಇಳಿದಿಲ್ಲ. ಎಂ.ಎಸ್ಸಿ. ಮಾಡಿದ ಈ ಹುಡುಗಿಯನ್ನು ಸಂದರ್ಶನದಲ್ಲಿ, ತಿಂಗಳಿಗೆ ಎಷ್ಟು ಡಬ್ಬಿ ಪುಡಿ ಹೋಗುವ ಹಾಗೆ ಮಾಡ್ತೀರಿ ಎಂದು ಕೇಳಿದ್ದರಂತೆ. ಇದನ್ನು ಕೇಳಿ ದೊಡ್ಡಮ್ಮ ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಇಂಟರ್ನ್‌ಶಿಪ್ಪಿನ ಆಸ್ಪತ್ರೆಯಲ್ಲಿ ಅಡುಗೆ ಕಂಟ್ರಾಕ್ಟಿಗೆ ಹೋಗಿದೆ. ಹುಡುಗಿ ಆ ಅಡುಗೆಮನೆಯ ಬಾಗಿಲನ್ನೂ ಕಂಡಿಲ್ಲ.

"ಮುದ್ದೆ ಅಂತ ಹಾಕಿದ್ರೆ ನಿನ್ನ ಆ್ಯಪ್ ಏನನ್ನತ್ತೆ?"

"ಒಂದು, ಎರಡು ಅಂತ ಕೇಳತ್ತೆ."

"ಯಾರ ಕೈಯಿಂದು?"

ಅದಕ್ಕೇ ರೋಗಿಗಳಿಗೆ ತಟ್ಟೆಯ ಫೋಟೋ ಕಳಿಸಲು ಹೇಳುತ್ತೇನೆ, ಪಕ್ಕದಲ್ಲಿ ನೀರಿನ ಲೋಟ ಇಟ್ಟು, ಎಂದು ಹುಡುಗಿ ಫೋನು ಚಾಚಿದಳು. ದೊಡ್ಡಮ್ಮ ಕನ್ನಡಕ ಏರಿಸಿ ನೋಡಿದರು. ಹಿಟ್ಟು 120 ಗ್ರಾಮಿಗೆ ಕಡಿಮೆಯಿಲ್ಲ ಎಂದರು. ಇಲ್ಲ, 80 ಎಂದಳು ಇವಳು. ಡಬ್ಬದಲ್ಲಿ ರಾಗಿಹಿಟ್ಟು ಇದೆಯೋ ಇಲ್ಲವೋ ನೋಡಲು ಇಬ್ಬರೂ ಒಳಗೆ ಹೋದರು.