ತೊಗರಿ ಡಬ್ಬಿಯೊಳಗಿನ ಪುಸ್ತಕ

ಕಾಗಿಣಾ ನದಿ ತುಂಬಿ ಸೇತುವೆಯ ಮೇಲೆ ನೀರು ಬರುವುದು ನಮ್ಮ ದಂಡೋತಿಗೆ ಹೊಸದೇನಲ್ಲ. ಸೇತುವೆ ಮುಳುಗಿತೆಂದರೆ ಬಸ್ಸು ಬಂದ್, ಬಸ್ಸು ಬಂದ್ ಆದರೆ ಕಾಲೇಜೂ ಬಂದ್. ಅಂಥದ್ದೊಂದು ಮಳೆಯಲ್ಲಿ ಕಲಬುರಗಿಯಲ್ಲಿ ಬಿ.ಎಸ್ಸಿ. ಓದುವ ನನ್ನ ಹತ್ತೊಂಬತ್ತರ ಮಗಳು ಮೂರು ದಿನ ಮನೆಯಲ್ಲೇ ಉಳಿದಳು. ಮೂರು ದಿನವೂ ಬಾಗಿಲು ಅರ್ಧ ಮುಚ್ಚಿಕೊಂಡು ಓದುತ್ತಿದ್ದಳು. ಕರೆದರೆ ಬರುತ್ತಿರಲಿಲ್ಲ, ಬಂದರೂ ಮನಸ್ಸು ಇಲ್ಲಿರುತ್ತಿರಲಿಲ್ಲ. ಪರೀಕ್ಷೆಯ ಓದು ಇಷ್ಟು ಸುಖ ಕೊಡುವುದಿಲ್ಲ ಎಂಬುದು ನನಗೂ ಗೊತ್ತು. ಅವಳು ಸ್ನಾನಕ್ಕೆ ಹೋದಾಗ ದಿಂಬು ಎತ್ತಿ ನೋಡಿದೆ. ಐನೂರು ಪುಟದ ಇಂಗ್ಲಿಷ್ ಪುಸ್ತಕ. ಹೊದಿಕೆಯ ಮೇಲೆ ರೆಕ್ಕೆ ಬಿಚ್ಚಿದ ಡ್ರ್ಯಾಗನ್‌ಗಳು. ನಡುವೆ ಎಲ್ಲೋ ತೆರೆದು ಓದಿದೆ. ತಾಯಿಯಾದವಳು ಓದಬಾರದ ಪುಟವೇ ಕಣ್ಣಿಗೆ ಬಿತ್ತು.

ಪುಸ್ತಕವನ್ನು ಅಡುಗೆಮನೆಗೆ ಒಯ್ದು ತೊಗರಿ ಬೇಳೆಯ ದೊಡ್ಡ ಡಬ್ಬಿಯಲ್ಲಿ ಹುಗಿದಿಟ್ಟೆ.

ಮಗಳು ಇಡೀ ಮನೆ ಹುಡುಕಿದಳು. ಕೇಳಲಿಲ್ಲ. ಕೇಳಿದರೆ ಅದು ಇತ್ತೆಂದು ಒಪ್ಪಿಕೊಂಡಂತಾಗುತ್ತಿತ್ತಲ್ಲ. ನಾನೂ ಹೇಳಲಿಲ್ಲ. ರಾತ್ರಿ ಅವಳ ಮುಖ ನೋಡಿ ನನಗೆ ನನ್ನದೇ ಒಂದು ಹಳೆಯ ದಿನ ನೆನಪಾಯಿತು.

ನಾನು ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ ಆಮೇಲೆ ಕನ್ನಡ ಶಾಲೆ ಸೇರಿದವಳು. ಹಾಗಾಗಿ ಕದ್ದು ಓದಲು ನನಗೆ ಎರಡು ಭಾಷೆಗಳಿದ್ದವು. ದೊಡ್ಡಮ್ಮನ ಮಗಳು ಹೈದರಾಬಾದಿನಿಂದ ತರುತ್ತಿದ್ದ 'ಶಮಾ', 'ಬಾನೊ' ಪತ್ರಿಕೆಗಳ ಹಳೆಯ ಸಂಚಿಕೆಗಳು ಒಂದು ಕಡೆ. ಗೆಳತಿಯರ ಕೈಯಿಂದ ಕೈಗೆ ಬಂದು ಹಾಳೆ ಸಡಿಲವಾದ ಸಾಯಿಸುತೆಯವರ ಕಾದಂಬರಿಗಳು ಇನ್ನೊಂದು ಕಡೆ. ಒಮ್ಮೆ ಅಮ್ಮ ನನ್ನ ಕೈಯಲ್ಲಿದ್ದ ಉರ್ದು ಕಾದಂಬರಿ ಕಿತ್ತು ಒಲೆಗೆ ಹಾಕಿದಳು. ಅರ್ಧ ಓದಿದ್ದೆ. ಆ ನಾಯಕಿಗೆ ಕೊನೆಗೆ ಏನಾಯಿತು ಎಂಬುದು ಇವತ್ತಿಗೂ ನನಗೆ ತಿಳಿದಿಲ್ಲ. ನಾನು ಕಥೆ ಬರೆಯಲು ತೊಡಗಿದ್ದಕ್ಕೆ ಆ ಸುಟ್ಟ ಅರ್ಧವೂ ಒಂದು ಕಾರಣವಿರಬಹುದು. ಒಲೆ ಹೋಗಿ ಗ್ಯಾಸ್ ಬಂದ ಕಾಲದಲ್ಲಿ ನಾನು ಬೇಳೆ ಡಬ್ಬಿ ಹುಡುಕಿಕೊಂಡಿದ್ದೆ, ಅಷ್ಟೇ ವ್ಯತ್ಯಾಸ.

ತೀರ್ಪು ಕೊಡುವ ಮೊದಲು ಓದಿಬಿಡೋಣ ಎಂದುಕೊಂಡೆ. ನನ್ನ ಇಂಗ್ಲಿಷ್ ಕುಂಟುವ ಇಂಗ್ಲಿಷ್. ಎಲ್ಲರೂ ಮಲಗಿದ ಮೇಲೆ ಡಬ್ಬಿ ತೆರೆದು, ನಿಘಂಟು ಪಕ್ಕದಲ್ಲಿಟ್ಟುಕೊಂಡು ಇಪ್ಪತ್ತಾರು ರಾತ್ರಿ ಓದಿದೆ. ಮಗಳಿಂದ ಕದ್ದು ತಾಯಿ ಓದಿದಳು!

ಅದು ಅಮೆರಿಕದ ರೆಬೆಕಾ ಯಾರೋಸ್ 2023ರಲ್ಲಿ ಬರೆದ 'ಫೋರ್ತ್ ವಿಂಗ್'. ಇದೇ ಸರಣಿಯ ಮೂರನೆಯ ಪುಸ್ತಕ 'ಆನಿಕ್ಸ್ ಸ್ಟಾರ್ಮ್' 2025ರ ಜನವರಿಯಲ್ಲಿ ಬಂದಾಗ ಒಂದೇ ವಾರದಲ್ಲಿ 27 ಲಕ್ಷಕ್ಕೂ ಹೆಚ್ಚು ಪ್ರತಿ ಹೋದವಂತೆ. ಸಾವಿರ ಪ್ರತಿ ಮಾರಲು ವರ್ಷಗಟ್ಟಲೆ ಕಾಯುವ ನಾವು ಕನ್ನಡದ ಕಥೆಗಾರರು ಈ ಅಂಕಿಯನ್ನು ಇನ್ನೊಮ್ಮೆ ಓದಬೇಕಾಗುತ್ತದೆ.

ಕಥೆಯ ಹುಡುಗಿ ವೈಲೆಟ್‌ಗೆ ಇಪ್ಪತ್ತು ವರ್ಷ. ಮೈ ದುರ್ಬಲ, ಕೀಲು ಬೇಗ ತಪ್ಪುತ್ತವೆ. ತೀರಿಹೋದ ತಂದೆಯಂತೆ ಗ್ರಂಥಗಳ ನಡುವೆ ಲಿಪಿಕಾರಳಾಗಿ ಬದುಕಬೇಕೆಂಬುದು ಅವಳ ಆಸೆ. ಸೇನಾಧಿಕಾರಿಯಾದ ತಾಯಿ ಅವಳನ್ನು ಡ್ರ್ಯಾಗನ್ ಸವಾರರ ಯುದ್ಧಶಾಲೆಗೆ ಬಲವಂತವಾಗಿ ತಳ್ಳುತ್ತಾಳೆ. ಅಲ್ಲಿ ಮೊದಲ ಪರೀಕ್ಷೆಯೇ ಆಳವಾದ ಕಣಿವೆಯ ಮೇಲಿನ ಕಿರಿದಾದ ಕಲ್ಲಿನ ಸೇತುವೆ ದಾಟುವುದು. ಜಾರಿದವರು ಸತ್ತರು. ನಮ್ಮ ಮುಳುಗಿದ ಸೇತುವೆಯ ಈಚೆ ಕೂತು ಇದನ್ನು ಓದುವಾಗ ನನ್ನ ಮಗಳಿಗೆ ಏನನ್ನಿಸಿರಬಹುದು? ಅವಳ ದೃಷ್ಟಿಯಲ್ಲಿ ಆ ತಾಯಿ ಯಾರು ಎಂದು ಯೋಚಿಸಿದೆ. ಉತ್ತರ ಹಿತವಾಗಿರಲಿಲ್ಲ.

ಪುಸ್ತಕ ಮುಗಿದ ಮರುದಿನ ಬೆಳಿಗ್ಗೆ ಬೇಳೆಯ ಧೂಳು ಒರೆಸಿ ಅವಳ ಮುಂದಿಟ್ಟೆ. "ಓದಿದೆ" ಎಂದೆ. ಅವಳು ಮೊದಲು ಹೆದರಿದಳು, ಆಮೇಲೆ ನಕ್ಕಳು, ಕೊನೆಗೆ ಕೇಳಿದಳು: "ಹೆಂಗದ ಅಮ್ಮಿ?"

ಹೆಂಗದ? ಇದಕ್ಕೆ ಪ್ರಾಮಾಣಿಕ ಉತ್ತರ ಕೊಡಬೇಕೆಂದೇ ಮುಂದಿನ ಎರಡು ತಿಂಗಳು ಅವಳು ಕೊಟ್ಟ ಪುಸ್ತಕಗಳನ್ನೆಲ್ಲ ಓದಿದೆ.

ಸಾರಾ ಜೆ. ಮಾಸ್ ಅವರ 'ಅ ಕೋರ್ಟ್ ಆಫ್ ಥಾರ್ನ್ಸ್ ಅಂಡ್ ರೋಸಸ್' 2015ರದ್ದು. ಇದರ ಫೇರಾ ಎಂಬ ಹುಡುಗಿ ಬಡತನಕ್ಕಿಳಿದ ತಂದೆಯನ್ನೂ ಇಬ್ಬರು ಅಕ್ಕಂದಿರನ್ನೂ ಬೇಟೆಯಾಡಿ ಸಾಕುತ್ತಾಳೆ. ತಿಳಿಯದೆ ಕೊಂದ ತೋಳ ಮಾಯಾಲೋಕದ ಜೀವಿಯಾಗಿತ್ತು. ಅದರ ಬೆಲೆಯಾಗಿ ಅವಳು ಆ ಲೋಕದ ದೊರೆ ಟ್ಯಾಮ್ಲಿನ್‌ನ ಮನೆಯಲ್ಲಿ ಬಾಳಬೇಕಾಗುತ್ತದೆ. ಕ್ರಮೇಣ ಇಬ್ಬರಿಗೂ ಪ್ರೀತಿ. ಇಷ್ಟರವರೆಗೆ ಇದು ಹಳೆಯ ಕಥೆಯೇ. ಆದರೆ ಮರುವರ್ಷ ಬಂದ ಎರಡನೆಯ ಭಾಗದಲ್ಲಿ ಲೇಖಕಿ ನನ್ನನ್ನು ಬೆಚ್ಚಿಬೀಳಿಸಿದರು. ಅವಳಿಗಾಗಿ ಜೀವ ಕೊಡಲು ಸಿದ್ಧನಾದ ಅದೇ ಟ್ಯಾಮ್ಲಿನ್, ಅವಳ ರಕ್ಷಣೆಯ ಹೆಸರಿನಲ್ಲೇ ಅವಳನ್ನು ಮನೆಯೊಳಗೆ ಕೂಡಿಹಾಕುತ್ತಾನೆ. ಅವನು ಕೆಟ್ಟವನಲ್ಲ. ಹೆದರಿದವನು. ಆದರೂ ಅವಳು ಉಸಿರುಗಟ್ಟಿ ಕುಸಿಯುತ್ತಾಳೆ. ಮತ್ತೆ ಆ ಮನೆಗೆ ಹೆಂಡತಿಯಾಗಿ ಮರಳುವುದಿಲ್ಲ.

ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ಅವರನ್ನು ಓದಿ ಬೆಳೆದ ನನಗೆ ಬಾಗಿಲು ಹಾಕಿದ ಮನೆ ಹೊಸದಲ್ಲ. 2025ರಲ್ಲಿ ಬಾನು ಅವರ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ 'ಎದೆಯ ಹಣತೆ'ಯನ್ನು ಮಗಳ ಕೈಗೆ ನಾನೇ ಕೊಟ್ಟಿದ್ದೆ. ಓದಿದಳು, ಅತ್ತಳು, ಹಿಂದಿರುಗಿಸಿದಳು. "ಇದು ನಂಗ ಗೊತ್ತದ ಅಮ್ಮಿ. ಗೊತ್ತಿರೋದನ್ನೇ ಎಷ್ಟು ಓದಲಿ?" ಎಂದಳು. ಆಗ ನನಗೆ ನೋವಾಗಿತ್ತು. ಈಗ ತಿಳಿಯಿತು. ನಾವು ಬಾಗಿಲು ಮುಚ್ಚಿದ್ದನ್ನು ಬರೆದೆವು. ಅದನ್ನು ಬರೆಯಲೇಬೇಕಿತ್ತು. ಅವಳಿಗೆ ಬಾಗಿಲಾಚೆ ಏನಿದೆ ಎಂಬುದೂ ಬೇಕಾಗಿತ್ತು.

ಈ ಫೇರಾಳಿಗೆ ಓದಲು ಬರುವುದಿಲ್ಲ ಎಂಬುದು ನನ್ನನ್ನು ಬಹಳ ಕಾಡಿದ ಸಂಗತಿ. ಗೋಡೆಯ ಮೇಲೆ ಬರೆದ ಪ್ರಶ್ನೆ ಓದಲಾಗದೆ ಅವಳ ಪ್ರಾಣವೇ ಹೋಗುವ ಹೊತ್ತು ಬರುತ್ತದೆ. ಮುಂದೆ ರೈಸಾಂಡ್ ಎಂಬ ಇನ್ನೊಬ್ಬ ದೊರೆ ಅವಳಿಗೆ ಅಕ್ಷರ ಕಲಿಸುತ್ತಾನೆ. ನನ್ನ ನಾನಿಗೆ ಓದಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಬರೆಯಲು ಕಲಿತರೆ ಹುಡುಗಿ ಯಾರಿಗಾದರೂ ಕಾಗದ ಬರೆದಾಳು ಎಂದು ಓದು ಮಾತ್ರ ಕಲಿಸಿದ ಮನೆಗಳು ಆಗ ಇದ್ದವು. ಮಾಯಾಲೋಕದ ಕಥೆಯಲ್ಲಿ ನಾನಿ ಎದುರಾಗುತ್ತಾಳೆಂದು ನಾನು ಎಣಿಸಿರಲಿಲ್ಲ.

ಮೆಚ್ಚಿದ್ದು ಹೇಳಿದೆ, ಇನ್ನು ಮೆಚ್ಚದಿದ್ದನ್ನು ಹೇಳಬೇಕು. ಈ ಪುಸ್ತಕಗಳ ಭಾಷೆ ತೆಳು. ಪುಟ ತಿರುಗಿಸುವ ಅವಸರದಲ್ಲಿ ಯಾವ ಮಾತೂ ನಿಲ್ಲುವುದಿಲ್ಲ. ಶಯ್ಯಾಗೃಹದ ದೃಶ್ಯಗಳು ಅತಿಯಾದವು. ಇದನ್ನು ನಾನು ಮಗಳಿಗೆ ನೇರವಾಗಿ ಹೇಳಿದೆ, ಅವಳು ನೆಲ ನೋಡುತ್ತ "ನಾ ಅದನ್ನ ದಾಟಿಸ್ತೀನಿ" ಎಂದಳು. ನಂಬಿದೆನೋ ಇಲ್ಲವೋ, ಇಬ್ಬರೂ ಮಾತಾಡಿದೆವಲ್ಲ, ಅದು ದೊಡ್ಡದು. ಹತ್ತೊಂಬತ್ತರ ಹುಡುಗಿಗೆ ಐನೂರು ವರ್ಷ ಮೀರಿದ ರೈಸಾಂಡ್ ಜೋಡಿ! ವಯಸ್ಸಿನ ಅಂತರವನ್ನು ನಮ್ಮ ಕಥೆಗಳಲ್ಲಿ ಪ್ರಶ್ನಿಸಿದವರು ನಾವು. ಮುಖ ಸುಂದರವಾಗಿದ್ದರೆ ಪ್ರಶ್ನೆ ಮಾಯವಾಗಬೇಕೇ?

ಆದರೆ ನನ್ನ ದೊಡ್ಡ ತಕರಾರು ಬೇರೆ. ಈ ಕಾದಂಬರಿಗಳಲ್ಲಿ 'ವಿಧಿ ಬರೆದ ಜೋಡಿ' ಎಂಬ ಕಲ್ಪನೆಯೊಂದಿದೆ. ಇಬ್ಬರ ಆತ್ಮಗಳು ಮೊದಲೇ ಬೆಸೆದುಕೊಂಡಿರುತ್ತವೆ. 'ಫೋರ್ತ್ ವಿಂಗ್'ನಲ್ಲಿ ಅವಳ ಡ್ರ್ಯಾಗನ್ನೂ ಅವನ ಡ್ರ್ಯಾಗನ್ನೂ ಜೋಡಿ, ಆದ್ದರಿಂದ ಸವಾರರೂ ಬಿಟ್ಟಿರಲಾರರು. ಓದುವ ಹುಡುಗಿಯರಿಗೆ ಇದು ಹಿರಿಯರ ವಿರುದ್ಧದ ಬಂಡಾಯದಂತೆ ಕಾಣುತ್ತದೆ. ನನಗೆ ಹಾಗೆ ಕಾಣಲಿಲ್ಲ. ನಮ್ಮ ಮದುವೆ ಮಾತುಕತೆಗಳಲ್ಲಿ ಹಿರಿಯರು ಹೇಳುವುದೂ ಇದನ್ನೇ: ಜೋಡಿ ಮೇಲೆಯೇ ಬರೆದಿರುತ್ತದೆ, ಎಲ್ಲ ನಸೀಬು. ನಸೀಬಿನಲ್ಲಿ ನನಗೂ ನಂಬಿಕೆಯಿದೆ. ಆದರೆ ಆ ಮಾತು ಹುಡುಗಿಯನ್ನು ಕೇಳದೆ ಮುಂದುವರಿಯುವುದಕ್ಕೆ ನೆಪವಾಗಬಾರದು. ನಿಕಾಹ್‌ನಲ್ಲೇ ಹುಡುಗಿಯ ಒಪ್ಪಿಗೆ ಕೇಳುವ ಪದ್ಧತಿಯಿರುವಾಗ ಮನೆಯಲ್ಲಿ ಕೇಳದಿರುವುದು ಯಾವ ನ್ಯಾಯ? ರೈಸಾಂಡ್‌ಗೂ ಈ ಜೋಡಿಯ ಸಂಗತಿ ಮೊದಲೇ ಗೊತ್ತಿರುತ್ತದೆ, ಹೇಳಿರುವುದಿಲ್ಲ. ತಿಳಿದಾಗ ಫೇರಾ ಸಿಟ್ಟಾಗಿ ಹೊರಟುಬಿಡುತ್ತಾಳೆ. ಅಲ್ಲಿ ನಾನು ಅವಳ ಪಕ್ಷ. ಆಮೇಲೆ ಒಪ್ಪಿಗೆ ತಿಳಿಸುವ ಬಗೆ ಯಾವುದು ಗೊತ್ತೇ? ಹೆಣ್ಣು ಗಂಡಿಗೆ ಊಟ ಬಡಿಸಬೇಕು! ಅವಳು ಸೂಪ್ ಬಿಸಿ ಮಾಡಿ ಕೊಡುತ್ತಾಳೆ. ಮಾಟ, ಯುದ್ಧ, ರೆಕ್ಕೆ ಎಲ್ಲ ಮುಗಿದ ಮೇಲೂ ಒಲೆಯ ಮುಂದೆಯೇ ಬಂದು ನಿಂತಳಲ್ಲ ಎಂದು ನಡುರಾತ್ರಿ ಒಬ್ಬಳೇ ನಕ್ಕೆ.

ಮಗಳು ಇದೆಲ್ಲ ಅಮೆರಿಕದವರ ಹೊಸ ಸರಕು ಎಂದು ತಿಳಿದಿದ್ದಳು. ಹಾಗಲ್ಲ ಎಂದು ಹೇಳುವ ಸರದಿ ನನ್ನದಾಯಿತು. ನಮ್ಮ ಬೀದರಿನ ಬಹಮನಿ ಕಾಲದಲ್ಲಿ, 15ನೇ ಶತಮಾನದಲ್ಲಿ, ನಿಜಾಮಿ ಬರೆದ 'ಕದಂ ರಾವ್ ಪದಂ ರಾವ್' ದಖ್ಖನಿಯ ಅತಿ ಹಳೆಯ ಮಸ್ನವಿಗಳಲ್ಲಿ ಒಂದು. ಅದರಲ್ಲಿ ರಾಜನ ಜೀವ ಗಿಳಿಯ ದೇಹ ಸೇರುತ್ತದೆ. ಕನ್ನಡದಲ್ಲಿ 12ನೇ ಶತಮಾನದ ನೇಮಿಚಂದ್ರನ 'ಲೀಲಾವತಿ'ಯ ನಾಯಕ ನಾಯಕಿಯರು ಮೊದಲು ಭೇಟಿಯಾಗುವುದು ಕನಸಿನಲ್ಲಿ. ಇನ್ನು 1657ರಲ್ಲಿ ಬಿಜಾಪುರದ ಎರಡನೆಯ ಅಲಿ ಆದಿಲ್ ಶಾಹನ ಆಸ್ಥಾನದಲ್ಲಿ ನುಸ್ರತಿ ಬರೆದ 'ಗುಲ್ಶನೆ ಇಶ್ಕ್' ಇದೆ. ಮಲಗಿದ್ದ ರಾಜಕುಮಾರ ಮನೋಹರನನ್ನು ಪರಿಯರು ಎತ್ತಿಕೊಂಡು ಹೋಗಿ ದೂರದೇಶದ ಮಧುಮಾಲತಿಯ ಬಳಿ ಇಳಿಸುತ್ತಾರೆ. ಒಂದು ರಾತ್ರಿಯ ಭೇಟಿ, ಬೆಳಗಾದರೆ ಅಗಲಿಕೆ, ಆಮೇಲೆ ಹುಡುಕಾಟ. ಒಬ್ಬ ಮುಸ್ಲಿಂ ಕವಿ, ಹಿಂದೂ ಹೆಸರಿನ ನಾಯಕ ನಾಯಕಿ, ನಾವು ಮನೆಯಲ್ಲಿ ಆಡುವ ದಖ್ಖನಿ ಭಾಷೆ. ಆ ಕಾಲಕ್ಕೆ ಇದು ಯಾರಿಗೂ ವಿಚಿತ್ರವೆನಿಸಿರಲಿಲ್ಲ.

ಆ ಕಥೆ ಹೇಳುತ್ತ ಹೇಳುತ್ತ ನಾನು ಒಂದು ಕಡೆ ನಿಂತುಬಿಟ್ಟೆ. ಮಧುಮಾಲತಿಯ ಪ್ರೀತಿ ತಿಳಿದಾಗ ಅವಳ ತಾಯಿ ಮನೆತನದ ಮರ್ಯಾದೆಗೆ ಅಂಜಿ ಮಗಳ ಮೇಲೆ ಮಂತ್ರ ಹಾಕಿ ಹಕ್ಕಿ ಮಾಡಿಬಿಡುತ್ತಾಳೆ. ಹಕ್ಕಿ ಹಾರಿಹೋಗುತ್ತದೆ. ಕೊನೆಗೆ ಒಬ್ಬ ಪರದೇಶದ ರಾಜಕುಮಾರ ಅದನ್ನು ಹಿಡಿದು ಮನೆಗೆ ತಂದಾಗ ಹೆತ್ತವರ ಎದುರೇ ಅವಳು ಮತ್ತೆ ಹುಡುಗಿಯಾಗುತ್ತಾಳೆ. ಹಿಂದೆ ಈ ಕಥೆ ಓದುವಾಗ ನಾನು ಪ್ರೇಮಿಗಳನ್ನಷ್ಟೇ ನೋಡಿದ್ದೆ. ಈಗ ತಾಯಿ ಕಂಡಳು. ಕೈಯಲ್ಲಿ ಬೇಳೆ ಡಬ್ಬಿ ಹಿಡಿದ ತಾಯಿ.

ಅದೇ ವಾರ ಒಂದು ಸಂಬಂಧ ಬಂದಿತ್ತು. ಹುಡುಗ ಗಲ್ಫ್‌ನಲ್ಲಿ ಕೆಲಸ, ಒಳ್ಳೆಯ ಮನೆತನ. ಒಂದೇ ಮಾತು: ಮದುವೆ ಬೇಗ ಆಗಬೇಕು, ಡಿಗ್ರಿ ಮುಗಿಸುವವರೆಗೆ ಕಾಯುವುದಿಲ್ಲ. ಶಹಾಬಾದ್ ಕಲ್ಲಿನ ವ್ಯಾಪಾರ ಮಾಡುವ ನನ್ನ ಗಂಡ ಕೆಟ್ಟವರಲ್ಲ, ಹೆದರಿದವರು. ಇಂಥ ಸಂಬಂಧ ಮತ್ತೆ ಬಂದೀತೇ ಎಂಬ ಹೆದರಿಕೆ ನನಗೂ ಇತ್ತು. ಇಬ್ಬರೂ ಹೂಂ ಎನ್ನುವುದರಲ್ಲಿದ್ದೆವು. ಮಗಳನ್ನು ಕೇಳಿರಲಿಲ್ಲ. ನಸೀಬು ಎಂದುಕೊಂಡಿದ್ದೆವು.

ನುಸ್ರತಿಯ ಕಥೆ ಹೇಳಿದ ರಾತ್ರಿ ಗಂಡನಿಗೆ ಹೇಳಿದೆ, "ಅವಳನ್ನ ಕೇಳೋಣ." ಅವರು ಬಹಳ ಹೊತ್ತು ಸುಮ್ಮನಿದ್ದು, "ಬ್ಯಾಡ ಅಂದ್ರ?" ಎಂದರು. "ಅಂದ್ರ ಬ್ಯಾಡ" ಎಂದೆ.

ಮಗಳು ಅಳಲಿಲ್ಲ, ಜಗಳವಾಡಲಿಲ್ಲ. "ಓದು ಮುಗೀಲಿ. ಆಮ್ಯಾಲ ಕೇಳ್ರಿ, ಆಗ ಹೇಳ್ತೀನಿ" ಎಂದಳು. ಹಾಗೆಯೇ ಆ ಮನೆಯವರಿಗೆ ಹೇಳಿಕಳಿಸಿದೆವು. ಅವರಿಂದ ಮತ್ತೆ ಮಾತು ಬಂದಿಲ್ಲ. ನಾದಿನಿಯೊಬ್ಬಳು ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. ನಾವು ಮಾಡಿದ್ದು ಸರಿಯೇ ಎಂಬ ಅಳುಕು ಕೆಲವು ರಾತ್ರಿ ಈಗಲೂ ಬರುತ್ತದೆ.

ಈಗ ಯಾರಾದರೂ ತಾಯಂದಿರು ಈ ಪುಸ್ತಕಗಳ ಬಗ್ಗೆ ಕೇಳಿದರೆ ನಾನು ಹೇಳುವುದಿಷ್ಟು. ಇವು ವಯಸ್ಕರ ಪುಸ್ತಕಗಳು, ಶಾಲೆಯ ಮಕ್ಕಳಿಗೆ ಬೇಡ. ದೊಡ್ಡ ಹೆಣ್ಣುಮಕ್ಕಳಿಂದ ಕಿತ್ತುಕೊಳ್ಳುವ ಮೊದಲು ನೀವೊಮ್ಮೆ ಓದಿ, ಓದಿ ಜಗಳವಾಡಿ. ಆಯ್ದುಕೊಡುವುದಾದರೆ ಅಮೆರಿಕದ ಮುಸ್ಲಿಂ ಲೇಖಕಿ ಎಸ್. ಎ. ಚಕ್ರಬೊರ್ತಿಯವರ 2017ರ 'ದ ಸಿಟಿ ಆಫ್ ಬ್ರಾಸ್' ಮತ್ತು ಅದರ ಮುಂದಿನ ಭಾಗಗಳನ್ನು ಕೊಡಿ. ಅದರಲ್ಲಿ 18ನೇ ಶತಮಾನದ ಕೈರೋದ ಬೀದಿಯ ಹುಡುಗಿ ನಹ್ರಿ ಜಿನ್ನಾತುಗಳ ನಗರ ಸೇರುತ್ತಾಳೆ. ಅಲ್ಲೂ ಪ್ರೀತಿಯಿದೆ. ಆದರೆ ಅವಳು ಹಟ ಹಿಡಿಯುವುದು ಹಾಳುಬಿದ್ದ ಹಳೆಯ ಆಸ್ಪತ್ರೆಯೊಂದನ್ನು ಮತ್ತೆ ತೆರೆಯಲು.

ಮೊನ್ನೆ ಬೇಳೆ ತೆಗೆಯಲು ಡಬ್ಬಿಗೆ ಕೈ ಹಾಕಿದರೆ ಪುಸ್ತಕ ತಾಕಿತು. ನಾನು ಇಟ್ಟದ್ದಲ್ಲ, ಮಗಳು ಇಟ್ಟದ್ದು. 'ಫೋರ್ತ್ ವಿಂಗ್'ನ ಎರಡನೆಯ ಭಾಗ. ನಡುವೆ ಕೆಲವು ಪುಟಗಳನ್ನು ಸೇರಿಸಿ ಕ್ಲಿಪ್ ಹಾಕಿದ್ದಳು, ನಾನು ದಾಟಿಸಬೇಕಾದ ಪುಟಗಳು.