ಗುಳಿಗೆಯ ವಿಗ್ರಹವಾಕ್ಯ

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೆ ಔಷಧದ ವಿಚಾರ ಮಾತನಾಡಲು ಅಧಿಕಾರವೇನು ಎಂದು ನೀವು ಕೇಳಬಹುದು. ಅಧಿಕಾರವೇನೂ ಇಲ್ಲ. ಆದರೆ ಇಪ್ಪತ್ತು ವರ್ಷ ಹುಡುಗರಿಗೆ ಸಮಾಸ ಬಿಡಿಸಿ ತೋರಿಸಿದವನ ಕಣ್ಣಿಗೆ, ಎರಡು ಪದ ಕೂಡಿಕೊಂಡದ್ದು ಎಲ್ಲಿದ್ದರೂ ಬೀಳುತ್ತದೆ. ಗುಳಿಗೆಯ ಪಟ್ಟಿಯ ಬೆನ್ನಿನ ಮೇಲಿದ್ದರೂ.

ನನ್ನ ಸೋದರಮಾವನವರು ತಮ್ಮ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಬಚ್ಚಲುಮನೆಯಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಯಾದ ಮೇಲೆ ನಮ್ಮ ಮನೆಗೇ ಕರೆತಂದೆವು. ನೋವಿಗೆಂದು ಬರೆದುಕೊಟ್ಟ ಗುಳಿಗೆಯ ಮೇಲೆ ಎರಡು ಹೆಸರುಗಳಿದ್ದವು: ಟ್ರಮಡಾಲ್ 37.5 ಮಿಲಿಗ್ರಾಂ, ಪ್ಯಾರಸಿಟಮಾಲ್ 325 ಮಿಲಿಗ್ರಾಂ. ದಿನಕ್ಕೆ ಮೂರು. ಅಪ್ಪಟ ದ್ವಂದ್ವಸಮಾಸ! ಎರಡೂ ಪದಗಳಿಗೆ ಸಮಪ್ರಾಧಾನ್ಯ. ಮೊದಲನೆಯದು ಅಫೀಮಿನ ಬಳಗ. ಎರಡನೆಯದು ನಮ್ಮೆಲ್ಲರ ಮನೆಯ ಜ್ವರದ ಮಾತ್ರೆ. ಎರಡೂ ಬೇರೆ ಬೇರೆ ದಾರಿಯಿಂದ ಬಂದು ನೋವನ್ನು ಹಿಡಿಯುತ್ತವಾದ್ದರಿಂದ, ಒಂದೊಂದನ್ನೂ ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ಸಾಕಾಗುತ್ತದೆಂಬುದು ಈ ಜೋಡಣೆಯ ನ್ಯಾಯ.

ಅಫೀಮು ಎಂದೊಡನೆ ನಮ್ಮವರು ಬೆಚ್ಚುತ್ತಾರೆ. ಅದೇ ಗಿಡದ ಬೀಜವಾದ ಗಸಗಸೆಯ ಪಾಯಸವನ್ನು ಎರಡು ಲೋಟ ಇಳಿಸುವಾಗ ಮಾತ್ರ ಯಾರೂ ಬೆಚ್ಚಿದ್ದು ಕಾಣೆ. ಗಿಡದ ಕಾಯಿಯ ಹಾಲಿನಿಂದ ಜರ್ಮನಿಯ ಸೆರ್ಟ್ಯೂರ್ನರ್ ಮಾರ್ಫೀನನ್ನು ಬೇರ್ಪಡಿಸಿ, ಅದಕ್ಕೆ ಗ್ರೀಕರ ಸ್ವಪ್ನದೇವತೆಯ ಹೆಸರಿಟ್ಟ. 1832ರಲ್ಲಿ ಫ್ರಾನ್ಸಿನ ರೋಬಿಕೆಗೆ ಕೊಡೀನ್ ಸಿಕ್ಕಿತು. ಟ್ರಮಡಾಲ್ ಗಿಡದ್ದಲ್ಲ, 1962ರಲ್ಲಿ ಜರ್ಮನಿಯ ಪ್ರಯೋಗಶಾಲೆಯಲ್ಲಿ ಹುಟ್ಟಿದ್ದು. ಮಿದುಳಿನಲ್ಲಿ ಅದು ಹೋಗಿ ಕೂರುವ ಪೀಠ ಮಾತ್ರ ಅದೇ. ಆದ್ದರಿಂದಲೇ ನಮ್ಮ ಸರ್ಕಾರ 2018ರಲ್ಲಿ ಅದನ್ನು ಮಾದಕವಸ್ತುಗಳ ಕಾಯಿದೆಯ ಕೆಳಗೆ ತಂದಿತು. ಅಂಗಡಿಯವನು ಚೀಟಿಯಿಲ್ಲದೆ ಕೊಡುವಂತಿಲ್ಲ. ರೋಗಿಯ ಹೆಸರು, ವೈದ್ಯರ ಹೆಸರು, ಎಷ್ಟು ಕೊಟ್ಟೆನೆಂಬ ಲೆಕ್ಕ ಎಲ್ಲವನ್ನೂ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ನಮ್ಮ ಬೀದಿಯ ಅಂಗಡಿಯವನು ಆ ಪುಸ್ತಕ ತೆರೆದಾಗ ಮಾವನವರಿಗೆ ತಮ್ಮ ಹೆಸರು ಪೋಲೀಸು ದಫ್ತರಕ್ಕೆ ಸೇರಿತೆಂದೇ ಅನಿಸಿತಂತೆ.

ಎರಡನೆಯ ವಾರ ಅವರಿಗೆ ನೆಗಡಿ, ಜ್ವರ. ಪಕ್ಕದ ಮನೆಯವರು, ದೇವರಂಥ ಮನುಷ್ಯರು, ಡೋಲೋ 650 ಒಂದು ಪಟ್ಟಿಯನ್ನೂ ನೆಗಡಿಯ ಮಾತ್ರೆಯನ್ನೂ ತಂದುಕೊಟ್ಟು, "ಇದು ನಾಲ್ಕು ಸಲ, ಅದು ಎರಡು ಸಲ" ಎಂದು ಹೇಳಿ ಹೋಗಿದ್ದರು. ಕಾಲೇಜಿನಿಂದ ಬಂದವನು ಪಟ್ಟಿಗಳನ್ನು ತಿರುವಿ ನೋಡಿದೆ. ಮೂರರಲ್ಲೂ ಪ್ಯಾರಸಿಟಮಾಲ್! ಕೂಡಿದೆ: ನೋವಿನ ಗುಳಿಗೆಯಿಂದ 975, ಜ್ವರದ್ದರಿಂದ 2600, ನೆಗಡಿಯದರಿಂದ 1000, ಒಟ್ಟು 4575 ಮಿಲಿಗ್ರಾಂ. ಗಟ್ಟಿಮುಟ್ಟಾದ ವಯಸ್ಕನಿಗೇ ದಿನಕ್ಕೆ 4000 ಮೇರೆ. ವೃದ್ಧರಿಗೆ, ಬಡಕಲು ಮೈಯವರಿಗೆ, ಕುಡಿತವಿದ್ದವರಿಗೆ ಅದಕ್ಕಿಂತಲೂ ಕಡಿಮೆ.

ಕಾವ್ಯದಲ್ಲಿ ಪುನರುಕ್ತಿದೋಷವಾದರೆ ವಿಮರ್ಶಕರು ಮುಖ ಸಿಂಡರಿಸುತ್ತಾರೆ, ಅಷ್ಟೆ. ಇಲ್ಲಿ ದಂಡ ತೆರಬೇಕಾದ್ದು ಲಿವರು. ಪ್ಯಾರಸಿಟಮಾಲಿನ ಒಂದು ಚೂರು ಅಲ್ಲಿ ವಿಷವಾಗಿ ಮಾರ್ಪಡುತ್ತದೆ. ಗ್ಲುಟಾಥಯೋನ್ ಎಂಬ ವಸ್ತು ಅದನ್ನು ಹಿಡಿದು ಕಟ್ಟಿಹಾಕುತ್ತದೆ. ದಾಸ್ತಾನು ಮುಗಿಯಿತೋ, ವಿಷ ಲಿವರನ್ನೇ ತಿನ್ನತೊಡಗುತ್ತದೆ. ಮೊದಲ ದಿನ ಹೆಚ್ಚೇನೂ ತೋರುವುದಿಲ್ಲವೆಂಬುದೇ ಭಯಂಕರ. ಏಕೆಂದರೆ ಅದರ ಪ್ರತಿವಿಷವಾದ ಅಸಿಟೈಲ್‌ಸಿಸ್ಟೀನ್ ಚೆನ್ನಾಗಿ ಕೆಲಸ ಮಾಡುವುದು ಮೊದಲ ಎಂಟು ಗಂಟೆಗಳೊಳಗೆ. 2011ರಲ್ಲಿ ಅಮೆರಿಕದ ಔಷಧ ಇಲಾಖೆ ಇಂಥ ಜೋಡಿ ಗುಳಿಗೆಗಳಲ್ಲಿ ಪ್ಯಾರಸಿಟಮಾಲ್ 325 ಮೀರಬಾರದೆಂದು ತಯಾರಕರಿಗೆ ಹೇಳಿದ್ದು ಈ ಕಾರಣಕ್ಕೇ. ಮಾವನವರು ಅಷ್ಟರಲ್ಲಿ ನುಂಗಿದ್ದದ್ದು ಒಂದೇ ಒಂದು. ಡಾಕ್ಟರನ್ನು ಕೇಳಿ ಉಳಿದದ್ದನ್ನು ನಿಲ್ಲಿಸಿದೆವು.

ಪುನರುಕ್ತಿಯಾದರೂ ಲೆಕ್ಕಕ್ಕೆ ಸಿಕ್ಕುತ್ತದೆ. ಅರಿಸಮಾಸ ಸಿಕ್ಕುವುದಿಲ್ಲ. ಸಂಸ್ಕೃತ, ಕನ್ನಡ ಪದಗಳನ್ನು ಕೂಡದಿದ್ದಲ್ಲಿ ಕೂಡಿಸುವುದಕ್ಕೆ ನಮ್ಮ ಹಿಂದಿನವರು ಶತ್ರುವೆಂಬರ್ಥದ ಹೆಸರನ್ನು ಸುಮ್ಮನೆ ಇಟ್ಟರೆ? ಮಾವನವರ ಕೈಚೀಲದಲ್ಲಿ ಎಂದೋ ಬೇರೊಬ್ಬ ವೈದ್ಯರು ಬರೆದುಕೊಟ್ಟಿದ್ದ ನಿದ್ರೆಮಾತ್ರೆಗಳಿದ್ದುವು. ಒಂದು ರಾತ್ರಿ ನಿದ್ದೆ ಹತ್ತದೆ, ಯಾರನ್ನೂ ಎಬ್ಬಿಸಬಾರದೆಂಬ ಸೌಜನ್ಯದಿಂದ, ಎರಡು ನುಂಗಿ ಮಲಗಿದರು. ಎರಡು ಗಂಟೆಯ ಹೊತ್ತಿಗೆ ನನ್ನ ಮನೆಯಾಕೆ ನನ್ನನ್ನು ಎಬ್ಬಿಸಿದಳು. "ಮಾವನವರ ಗೊರಕೆ ಕೇಳಿಸ್ತಿಲ್ಲ" ಎಂದಳು. ಹೋಗಿ ನೋಡಿದರೆ, ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ನಾನು ಎಂಟು, ಹತ್ತು ಎಣಿಸುವಷ್ಟು ಅಂತರ. ಕರೆದರೆ ಓಗೊಡಲಿಲ್ಲ, ಭುಜ ಹಿಡಿದು ಅಲುಗಿಸಿದಾಗ ಕಣ್ಣು ಅರೆ ತೆರೆದು ಮತ್ತೆ ಮುಚ್ಚಿತು. ಆ ರಾತ್ರಿ ನರ್ಸಿಂಗ್ ಹೋಮಿನಲ್ಲಿ ಮೂಗಿಗೆ ಆಮ್ಲಜನಕ ಹಚ್ಚಿ ಬೆಳಗಿನವರೆಗೆ ಕಾದರು. ಅಫೀಮಿನ ಬಳಗ ಉಸಿರಾಟದ ಕೇಂದ್ರವನ್ನು ಮಂಕುಮಾಡುತ್ತದೆ; ನಿದ್ರೆಮಾತ್ರೆಯೂ ಹೆಂಡವೂ ಅದಕ್ಕೆ ಕೈಜೋಡಿಸುತ್ತವೆ. ಟ್ರಮಡಾಲಿಗಂತೂ ಮೂರ್ಛೆರೋಗವಿದ್ದವರಲ್ಲೂ, ಖಿನ್ನತೆಯ ಕೆಲವು ಔಷಧಗಳನ್ನು ತೆಗೆದುಕೊಳ್ಳುವವರಲ್ಲೂ ಬೇರೆ ತಕರಾರುಗಳಿವೆ. ಕೇಶಿರಾಜ ಅರಿಸಮಾಸಕ್ಕೂ ಬಿರುದಾವಳಿಗಳಲ್ಲಿ ರಿಯಾಯಿತಿ ಕೊಟ್ಟಿದ್ದಾನೆ. ಶರೀರ ಅಷ್ಟು ಉದಾರಿಯಲ್ಲ.

ಬೆಳಿಗ್ಗೆ ಡ್ಯೂಟಿಯಲ್ಲಿದ್ದ ಹುಡುಗಿ ಡಾಕ್ಟರು, "ತಾತ, ನೀವು ಇನ್ನೇನೇನು ತಗೋತೀರಿ?" ಎಂದು ಕೇಳಿದಳು. ಆ ಪ್ರಶ್ನೆಯನ್ನು ಅವರಿಗೆ ಅದುವರೆಗೆ ಯಾರೂ ಕೇಳಿರಲಿಲ್ಲ. ಅವರಾಗಿ ಹೇಳುವ ಪೈಕಿಯೂ ಅಲ್ಲ.

ಇದಾದ ಮೇಲೆ ಮಾವನವರು ಇನ್ನೊಂದು ತುದಿಗೆ ಹೋದರು. "ಆ ವಿಷ ನನಗೆ ಬೇಡ ಕಣಯ್ಯಾ, ನೋವು ತಿಂದೇನು" ಎಂದು ಹಲ್ಲು ಕಚ್ಚಿ ಮಲಗಿದರು; ನಡಿಗೆಯ ಅಭ್ಯಾಸವೂ ನಿಂತಿತು. ನೋವು ತಿನ್ನುವುದೇ ಪುಣ್ಯವೆಂಬ ಮಾತು ನನಗೆ ಹಿಡಿಸದು. 1985ರ ಕಾಯಿದೆಯ ಬಿಗಿಯಿಂದ ನಮ್ಮ ದೇಶದಲ್ಲಿ ಕ್ಯಾನ್ಸರ್ ರೋಗಿಗಳಿಗೂ ಮಾರ್ಫೀನ್ ದುರ್ಲಭವಾಗಿತ್ತು. 2014ರ ತಿದ್ದುಪಡಿಯವರೆಗೆ ಎಷ್ಟು ಮನೆಗಳಲ್ಲಿ ಎಷ್ಟು ನರಳಾಟವೋ! ಆ ಹುಡುಗಿ ಡಾಕ್ಟರೇ ಬಂದು ನಿದ್ರೆಮಾತ್ರೆ ಬಿಡಿಸಿ, ಮಲಬದ್ಧತೆಗೊಂದು ಔಷಧ ಸೇರಿಸಿ, ಮೂರನ್ನು ಎರಡು, ಎರಡನ್ನು ಒಂದು ಮಾಡುತ್ತ ಇಳಿಸಿದಳು. ಹಟಾತ್ತನೆ ನಿಲ್ಲಿಸಿದರೆ ಮೈ ನಡುಗಿ ಬೆವರುತ್ತದಂತೆ.

ಕೊನೆಗೆ ಒಂಬತ್ತು ಉಳಿದುವು. ಪಕ್ಕದ ಮನೆಯಾಕೆಗೆ ಬೆನ್ನುನೋವು, ಕೊಡೋಣವೆಂದು ಮಾವನವರ ಇಚ್ಛೆ. ಸಾರಿನ ಪುಡಿಯಂತೆ ಗುಳಿಗೆಯನ್ನೂ ಗೋಡೆಯಾಚೆ ದಾಟಿಸುವುದು ನಮ್ಮ ಬಡಾವಣೆಯ ಧರ್ಮವಷ್ಟೆ. ಆಕೆಗೆ ಎಳೆಮಗುವಿದೆ, ಟ್ರಮಡಾಲ್, ಕೊಡೀನ್‌ಗಳು ಎದೆಹಾಲಿಗೆ ಇಳಿದು ಕೂಸಿನ ಉಸಿರಿಗೇ ಕುತ್ತು ತರಬಹುದೆಂದು ಹೇಳಿದೆ. ಕಸದ ಬುಟ್ಟಿಗೆಸೆದರೆ ಯಾರ ಕೈಗೆ ಸಿಕ್ಕುವುದೋ! 2025ರಲ್ಲಿ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಶೌಚಕ್ಕೆ ಹಾಕಿ ನೀರು ಬಿಡಬೇಕಾದ ಮದ್ದುಗಳ ಪಟ್ಟಿಯಲ್ಲಿ ಟ್ರಮಡಾಲನ್ನೂ ಸೇರಿಸಿದೆ. ಹಾಗೆಯೇ ಮಾಡಿದೆ. ಮಾವನವರು ಊರುಗೋಲಿನ ಮೇಲೆ ನಿಂತು ಒಂದೊಂದನ್ನೂ ಬೆಲೆಸಮೇತ ಎಣಿಸಿದರು. ಒಂಬತ್ತನೆಯದು ಹೋದ ಮೇಲೆ, "ನಮ್ಮ ಮೋರಿಯ ಹೆಗ್ಗಣಗಳಿಗೆ ಇವತ್ತು ಸೊಂಟನೋವು ಇರೋದಿಲ್ಲ ಬಿಡಯ್ಯಾ" ಎಂದು ಹೇಳಿ, ಮೆಲ್ಲಗೆ ನಡೆದುಕೊಂಡು ಹೋಗಿ ಪೇಪರು ಹಿಡಿದು ಕೂತರು.