ಚಳಿ, ಚೋಕು ಮತ್ತು ಅಪ್ಪಯ್ಯನ ಮಾರುತಿ

ಹೋದ ವಾರ ಕೊನೆ ತೆಗೆಯೋದರ ಬಗ್ಗೆ ಬರೆದಿದ್ದೆ. ಈ ವಾರ ಅಡಿಕೆ ಬೇಯಿಸೋದರ ಬಗ್ಗೆ ಅಂತ ಮಾತು ಕೊಟ್ಟಿದ್ದೆ. ಅದು ಮುಂದಿನ ವಾರಕ್ಕಿರಲಿ, ಇವತ್ತು ಕಾರಿನ ವಿಷಯ. ತೋಟಕ್ಕೂ ಇದಕ್ಕೂ ಎಂತ ಸಂಬಂಧ ಅಂತ ಕೇಳಬೇಡಿ. ನಮ್ಮೂರಿಂದ ಕೊಪ್ಪಕ್ಕೆ ದಿನಕ್ಕೆ ಎರಡೇ ಬಸ್ಸು, ಮೊದಲನೇದು ಬರೋದೇ ಒಂಬತ್ತೂವರೆಗೆ. ಗೊಬ್ಬರ, ಔಷಧಿ, ಆಸ್ಪತ್ರೆ, ನೆಂಟರಮನೆ ಎಲ್ಲಕ್ಕೂ ಈ ಕಾರೇ ಗತಿ.

ಕಾರು 1996ರ ಮಾರುತಿ 800. ಅಪ್ಪಯ್ಯ ಅಡಿಕೆ ರೇಟು ಚೆನ್ನಾಗಿದ್ದ ಕಾಲದಲ್ಲಿ ತಗೊಂಡಿದ್ದು. 796 ಸಿಸಿ, ಮೂರು ಸಿಲಿಂಡರು, ಕಾರ್ಬ್ಯುರೇಟರ್ ಇರೋದು. ಇಂಜೆಕ್ಷನ್ ಕಾರುಗಳು ಬಂದ ಮೇಲೆ ಚೋಕ್ ಎಳೆಯೋ ಕೆಲಸವೇ ಹೋಯ್ತು. ಎಷ್ಟು ಚಳಿ ಇದೆ ಅಂತ ಕಂಪ್ಯೂಟರೇ ನೋಡಿಕೊಂಡು ಪೆಟ್ರೋಲ್ ಜಾಸ್ತಿ ಬಿಡುತ್ತೆ. ನಮ್ಮ ಕಾರಿಗೆ ಆ ಕಂಪ್ಯೂಟರ್ ಅಪ್ಪಯ್ಯ. ಬೇರೆ ಯಾರೂ ಅದನ್ನ ಬೆಳಿಗ್ಗೆ ಹೊತ್ತು ಸ್ಟಾರ್ಟ್ ಮಾಡಿದ್ದೇ ಇಲ್ಲ.

ಆಗಸ್ಟಿನ ಮಳೇಲಿ ಅಪ್ಪಯ್ಯನಿಗೆ ಲಕ್ವ ಹೊಡೀತು. ಬಲಗೈ ಬಲಗಾಲು ಬಿದ್ದು ಹೋಯ್ತು, ಮಾತು ಪೂರ್ತಿ ನಿಂತಿತು. ಹೇಳಿದ್ದು ಅರ್ಥ ಆಗುತ್ತೆ, ಹೇಳೋಕೆ ಬರಲ್ಲ. ಎಡಗೈ ಒಂದೇ ಆಡೋದು. ಕಾರು ನನ್ನ ಪಾಲಿಗೆ ಬಂತು. ಆಯುಧಪೂಜೆಗೆ ನಾನೇ ಒಳಗೂ ಹೊರಗೂ ತೊಳೆದೆ. ಹಳೇ ಬಿಲ್ಲು, ತುಕ್ಕು ಹಿಡಿದ ಸ್ಪ್ಯಾನರ್, ಒಣಗಿದ ನಿಂಬೆಹಣ್ಣು, ಡ್ಯಾಶ್‌ಬೋರ್ಡಿಗೆ ಸಿಕ್ಕಿಸಿದ್ದ ಒಂದು ಬಟ್ಟೆ ಕ್ಲಿಪ್ಪು, ಎಲ್ಲ ತೆಗೆದು ಸ್ವಚ್ಛ ಮಾಡಿದೆ. ಅಕ್ಟೋಬರ್, ನವೆಂಬರ್‌ನಲ್ಲಿ ಕಾರು ಒಂದು ಮಾತೂ ಆಡದೆ ಓಡಿತು.

ಡಿಸೆಂಬರ್ ಬಂತು. ಬೆಳಿಗ್ಗೆ ಐದೂವರೆಗೆ ಅಂಗಳದಲ್ಲಿ ಇಬ್ಬನಿ ಮಳೆ ಹಾಗೆ ತೊಟ್ಟಿಕ್ಕೋ ದಿನಗಳು. ಅಪ್ಪಯ್ಯನನ್ನ ಶಿವಮೊಗ್ಗಕ್ಕೆ ನರದ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಬೇಕಿತ್ತು, ಒಂಬತ್ತಕ್ಕೆ ಟೋಕನ್. ಚೋಕ್ ಎಳೆದೆ, ಕೀ ತಿರುಗಿಸಿದೆ. ತಕ್ಷಣ ಹತ್ತಿಕೊಂಡಿತು. ನಾನು ಇಳಿದು ಅಪ್ಪಯ್ಯನನ್ನ ಎತ್ತೋಕೆ ಹೊರಟೆ. ಎಂಜಿನ್ ಹತ್ತು ಸೆಕೆಂಡ್ ಓಡಿ, ನಡುಗಿ, ಸತ್ತು ಹೋಯ್ತು. ಮತ್ತೆ ಮಾಡಿದೆ, ಅದೇ ಕಥೆ. ಆರನೇ ಸಲಕ್ಕೆ ಆಕ್ಸಿಲರೇಟರ್ ಒತ್ತಿ ಒತ್ತಿ ಪೆಟ್ರೋಲ್ ವಾಸನೆ ಮೂಗಿಗೆ ಹೊಡೀತು, ಆಮೇಲೆ ಬ್ಯಾಟರಿಯೂ ಸುಸ್ತಾಯ್ತು. ಪಕ್ಕದ ಊರಿಂದ ಬಾಡಿಗೆ ಜೀಪು ಬರೋ ಹೊತ್ತಿಗೆ ಎಂಟೂಕಾಲು. ಶಿವಮೊಗ್ಗ ಮುಟ್ಟಿದಾಗ ಡಾಕ್ಟರ್ ಎದ್ದು ಹೋಗಿದ್ದರು. ಮತ್ತೆ ಮೂರು ವಾರ ಬಿಟ್ಟು ಬನ್ನಿ ಅಂದರು. ಜೀಪಿನಲ್ಲಿ ವಾಪಸ್ ಬರುವಾಗ ಅಪ್ಪಯ್ಯ ಎಡಗೈ ಹೆಬ್ಬೆಟ್ಟು, ತೋರುಬೆರಳು ಸೇರಿಸಿ ಚಿಟಿಕೆ ಹಿಡಿದ ಹಾಗೆ ತೋರಿಸ್ತಾನೇ ಇದ್ದರು.

ಮನೇಲಿ ಅಮ್ಮ ನೋಡಿ, "ನಸ್ಯ ಕೇಳ್ತಿದಾರೆ" ಅಂದಳು. ಹತ್ತು ವರ್ಷದ ಹಿಂದೆ ಬಿಟ್ಟ ಚಟ. ಡಾಕ್ಟರು ಬೇಡ ಅಂದಿದ್ದಾರೆ ಅಂತ ನಾನು ಗದರಿದೆ. ಅಮ್ಮನಿಗೆ ಮನಸ್ಸು ತಡೀಲಿಲ್ಲ, ಹಳೇ ಡಬ್ಬಿ ಹುಡುಕಿ ತಂದಳು. ಅಪ್ಪಯ್ಯ ಅದನ್ನ ಎಡಗೈಯಲ್ಲಿ ತಳ್ಳಿ ನೆಲಕ್ಕೆ ಬೀಳಿಸಿ ಗೋಡೆ ಕಡೆ ಮುಖ ಮಾಡಿ ಮಲಗಿದರು. ನಮಗೆಲ್ಲ ಬೇಜಾರಾಯ್ತು. ಕಾಯಿಲೆ ಮನುಷ್ಯ, ಸಿಟ್ಟು ಜಾಸ್ತಿ ಅಂದುಕೊಂಡ್ವಿ.

ಆಮೇಲಿನ ಎರಡು ವಾರ ನಾನು ಮಾಡಿದ ದಡ್ಡತನದ ಲೆಕ್ಕ ಹೇಳ್ತೀನಿ, ನಿಮ್ಮಲ್ಲಿ ಯಾರಿಗಾದರೂ ಹಳೇ ಕಾರಿದ್ರೆ ಉಪಯೋಗಕ್ಕೆ ಬರಬಹುದು. ಮೊದಲು ಹೊಸ ಬ್ಯಾಟರಿ ಹಾಕಿಸಿದೆ. ಸ್ಟಾರ್ಟರ್ ಜೋರಾಗಿ ತಿರುಗ್ತಿದೆ ಅಂದ್ರೆ ಬ್ಯಾಟರಿ ಸರಿ ಇದೆ ಅಂತಲೇ ಅರ್ಥ. ಅಷ್ಟು ತೋಚಲಿಲ್ಲ. ಆಮೇಲೆ ಕಾರನ್ನ ಪೇಟೆ ಗ್ಯಾರೇಜಿಗೆ ತಗೊಂಡು ಹೋದೆ. ಅಲ್ಲಿ ಕಾರ್ಬ್ಯುರೇಟರ್ ಬಿಚ್ಚಿ ತೊಳೆದರು, ಮೂರೂ ಪ್ಲಗ್ ಹೊಸದು ಹಾಕಿದರು, ನನ್ನೆದುರೇ ಹತ್ತು ಸಲ ಸ್ಟಾರ್ಟ್ ಮಾಡಿ ತೋರಿಸಿದರು. ಒಂದು ಸಲವೂ ನಿಲ್ಲಲಿಲ್ಲ. ಮಾರನೇ ಬೆಳಿಗ್ಗೆ ಅಂಗಳದಲ್ಲಿ ಮತ್ತೆ ಅದೇ ಹತ್ತು ಸೆಕೆಂಡ್. ಅವರದ್ದೇನೂ ಮೋಸ ಇಲ್ಲ ಮಾರಾಯ್ರೆ. ಚಳಿಗೆ ಸ್ಟಾರ್ಟ್ ಆಗದ ಕಾರು ಗ್ಯಾರೇಜು ಮುಟ್ಟೋ ಹೊತ್ತಿಗೆ ಬಿಸಿಯಾಗಿರುತ್ತೆ, ಬಿಸಿ ಎಂಜಿನ್ನಿಗೆ ಈ ಕಾಯಿಲೆಯೇ ಇಲ್ಲ. ರಾತ್ರಿ ಅಲ್ಲೇ ಬಿಟ್ಟು, ಬೆಳಿಗ್ಗೆ ಮೊದಲ ಸ್ಟಾರ್ಟನ್ನ ಅವರ ಕೈಲೇ ಮಾಡಿಸಬೇಕಿತ್ತು.

ಚೋಕ್ ಯಾಕೆ ಬೇಕು ಅಂತ ಸರಿಯಾಗಿ ಯೋಚನೆ ಮಾಡಿದ್ದು ಆಮೇಲೆ. ಪೆಟ್ರೋಲ್ ಆವಿಯಾದರೆ ಮಾತ್ರ ಹತ್ತಿಕೊಳ್ಳೋದು. ತಣ್ಣಗಿರೋ ಎಂಜಿನ್ನಲ್ಲಿ ಅರ್ಧಕ್ಕರ್ಧ ಹನಿಯಾಗಿ ಮ್ಯಾನಿಫೋಲ್ಡಿನ ಗೋಡೆಗೆ ಅಂಟಿಕೊಳ್ಳುತ್ತೆ, ಸಿಲಿಂಡರಿಗೆ ಮುಟ್ಟೋದು ಕಮ್ಮಿ. ಮಳೆಗಾಲದಲ್ಲಿ ಬಚ್ಚಲೊಲೆಗೆ ಬೆಂಕಿ ಹಚ್ಚುವಾಗ ಒಣ ಅಡಿಕೆ ಸಿಪ್ಪೆ ಒಂದು ಹಿಡಿ ಜಾಸ್ತಿ ಹಾಕ್ತೀವಲ್ಲ, ಹಾಗೆ ಇಲ್ಲೂ ಪೆಟ್ರೋಲ್ ಜಾಸ್ತಿ ಬೇಕು. ಕಾರ್ಬ್ಯುರೇಟರಿನ ಬಾಯಲ್ಲಿ ಒಂದು ತಗಡಿನ ಮುಚ್ಚಳ ಇದೆ. ಚೋಕ್ ಎಳೆದ್ರೆ ಅದು ಮುಚ್ಚಿ ಗಾಳಿ ತಡೆಯುತ್ತೆ, ಎಂಜಿನ್ನು ಗಾಳಿ ಸಿಗದೆ ಪೆಟ್ರೋಲನ್ನೇ ಜೋರಾಗಿ ಎಳ್ಕೊಳ್ಳುತ್ತೆ. ಜೊತೆಗೆ ಐಡಲ್ ಕೂಡ ಸ್ವಲ್ಪ ಏರುತ್ತೆ. ಬಿಸಿಯಾಗ್ತಾ ಬಂದ ಹಾಗೆ ಚೋಕನ್ನ ಸ್ವಲ್ಪ ಸ್ವಲ್ಪ ಒಳಗೆ ತಳ್ಳಬೇಕು. ಮರೆತರೆ ಕಪ್ಪು ಹೊಗೆ, ಮಸಿ ಹಿಡಿದ ಪ್ಲಗ್ಗು, ಎಂಜಿನ್ ಆಯಿಲ್‌ಗೆ ಇಳಿಯೋ ಪೆಟ್ರೋಲು.

ಅದು ತಿಳಿದ ಮೇಲೆ, ಕಾರು ಹೇಗೆ ಸಾಯುತ್ತೆ ಅನ್ನೋದನ್ನ ಗಮನಿಸೋಕೆ ಶುರು ಮಾಡಿದೆ. ತುಂಬಾ ಹೊತ್ತು ತಿರುಗಿಸಿದ ಮೇಲೆ ಹತ್ತೋದಾದ್ರೆ ರಾತ್ರಿ ಕಾರ್ಬ್ಯುರೇಟರ್ ಬಟ್ಟಲು ಒಣಗಿರಬಹುದು, ಇಲ್ಲಾ ಪೆಟ್ರೋಲ್ ಪಂಪಿನ ರಬ್ಬರು ಸೋತಿರಬಹುದು. ಈಗಿನ ಎಥನಾಲ್ ಪೆಟ್ರೋಲಿಗೆ ಹಳೇ ರಬ್ಬರು ಬೇಗ ಹಾಳಾಗುತ್ತೆ. ಪೂರ್ತಿ ಬಿಸಿಯಾದ ಮೇಲೂ ಚೋಕ್ ಒಳಗೆ ತಳ್ಳಿದ ಕೂಡಲೇ ಸತ್ತರೆ ಐಡಲ್ ಜೆಟ್ಟಿನಲ್ಲಿ ಕಸ. ನಮ್ಮದು ಎರಡೂ ಅಲ್ಲ. ತಕ್ಷಣ ಹತ್ತುತ್ತೆ, ನಾನು ಚೋಕ್ ಮುಟ್ಟದಿದ್ರೂ ಹತ್ತು ಸೆಕೆಂಡಿಗೆ ನಿಲ್ಲುತ್ತೆ.

ಒಂದು ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಏರ್ ಕ್ಲೀನರ್ ಬಿಚ್ಚಿ ಪಕ್ಕಕ್ಕಿಟ್ಟೆ, ಟಾರ್ಚ್ ಹಿಡಿದು ಬಗ್ಗಿದೆ. ಆಕ್ಸಿಲರೇಟರಿನ ತಂತಿ ಎಳೆದ್ರೆ ಒಳಗೆ ಪೆಟ್ರೋಲ್ ಸಣ್ಣ ಗೆರೆಯಾಗಿ ಚಿಮ್ಮಿತು. ಅಂದ್ರೆ ಬಟ್ಟಲಲ್ಲಿ ಪೆಟ್ರೋಲ್ ಇದೆ. ಮಗಳನ್ನ ಸೀಟಲ್ಲಿ ಕೂರಿಸಿ ಚೋಕ್ ಎಳಿ ಅಂದೆ. ಮುಚ್ಚಳ ಪೂರ್ತಿ ಮುಚ್ಚಿತು. ನನಗೆ ನಿರಾಸೆ, ಚೋಕೂ ಸರಿ ಇದೆಯಲ್ಲ ಅಂತ. ಹಾಗೇ ನೋಡ್ತಾ ಇದ್ದೆ. ಮುಚ್ಚಳ ಮೆಲ್ಲಗೆ, ಬೆಕ್ಕು ಕಣ್ಣು ತೆರೆದ ಹಾಗೆ, ತಾನೇ ತೆರೆದುಕೊಳ್ತು.

"ಯಾಕೆ ಬಿಟ್ಟೆ?"

"ನಾನೆಲ್ಲಿ ಬಿಟ್ಟೆ ಅಪ್ಪ, ಎಳೆದಿದೀನಲ್ಲ."

"ಹಿಡ್ಕೊಂಡಿದೀಯಾ?"

"ಇಲ್ಲ, ಎಳೆದು ಕೈ ತೆಗೆದೆ. ಅದೇ ಒಳಗೆ ಹೋಯ್ತು."

ಎಳೆದ ಚೋಕನ್ನ ಅಲ್ಲೇ ನಿಲ್ಲಿಸೋ ಬಿಗಿ ಆ ಹಳೇ ಕೇಬಲ್‌ಗೆ ಹೋಗಿತ್ತು. ಕಾರ್ಬ್ಯುರೇಟರಿನ ಸ್ಪ್ರಿಂಗು ಅದನ್ನ ವಾಪಸ್ ಎಳೀತಿತ್ತು, ಎಂಜಿನ್ ನಡುಗಿದರೆ ಇನ್ನೂ ಬೇಗ. ಮಗಳಿಗೆ ಒತ್ತಿ ಹಿಡ್ಕೊ ಅಂದೆ. ಅವಳು ನಾಬಿನ ಹಿಂದಿನ ಕಡ್ಡಿಯನ್ನ ಹೆಬ್ಬೆಟ್ಟು, ತೋರುಬೆರಳಲ್ಲಿ ಚಿಟಿಕೆ ಹಾಕಿ ಹಿಡಿದಳು.

ನಾನು ಬಾನೆಟ್ಟಿನ ಹತ್ತಿರವೇ ನಿಂತುಬಿಟ್ಟೆ. ಬಟ್ಟೆ ಕ್ಲಿಪ್ಪು. ನಾಬ್ ಎಳೆದು, ಕಡ್ಡಿಗೆ ಕ್ಲಿಪ್ಪು ಕಚ್ಚಿಸಿದರೆ ಅದು ಒಳಗೆ ಹೋಗಲ್ಲ. ಅಪ್ಪಯ್ಯ ಎಷ್ಟು ವರ್ಷದಿಂದ ಹಾಗೆ ಓಡಿಸ್ತಿದ್ದರೋ ದೇವರಿಗೇ ಗೊತ್ತು. ಆಯುಧಪೂಜೆ ದಿನ ಕಸ ಅಂತ ನಾನು ಕಿತ್ತಿದ್ದೆ, ನನ್ನ ಹೆಂಡತಿ ಅದನ್ನ ಬಟ್ಟೆ ಒಣಗಿಸೋ ಹಗ್ಗಕ್ಕೆ ಹಾಕಿದ್ದಳು. ಅಲ್ಲೇ ಇತ್ತು, ಬಾಕಿ ಕ್ಲಿಪ್ಪುಗಳ ಮಧ್ಯೆ, ಗ್ರೀಸ್ ಹಿಡಿದು ಕಪ್ಪಾಗಿದ್ದದ್ದು ಅದೊಂದೇ.

ಅದನ್ನ ತಗೊಂಡು ಅಪ್ಪಯ್ಯನ ಹತ್ತಿರ ಹೋದೆ. ಅವರು ನೋಡಿದರು, ನನ್ನ ಮುಖ ನೋಡಿದರು. ನಗು ಅರ್ಧ ಮುಖಕ್ಕೆ ಮಾತ್ರ ಬರೋದು ಈಗ. ಅಮ್ಮ ಒಳಗಿಂದ, "ಮತ್ತೆ ಆ ದಿನ ನಸ್ಯ ಕೇಳಿದ್ದಲ್ಲವಾ?" ಅಂತ ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ.

ಹೊಸ ಕೇಬಲ್ ಹಳೇ ಸ್ಪೇರ್ ಅಂಗಡಿಯಲ್ಲಿ ಹೇಳಿಟ್ಟಿದೀನಿ, ಇನ್ನೂ ಬಂದಿಲ್ಲ. ಪೆಟ್ರೋಲ್ ಪಂಪಿನ ರಬ್ಬರೂ ನೋಡಿಸಬೇಕು.

ಮೊನ್ನೆ ಮತ್ತೆ ಶಿವಮೊಗ್ಗಕ್ಕೆ ಹೊರಟ್ವಿ. ಬೆಳಿಗ್ಗೆ ಐದೂವರೆಗೆ ಕ್ಲಿಪ್ಪು ಕಚ್ಚಿಸಿ ಸ್ಟಾರ್ಟ್ ಮಾಡಿದೆ, ಅಪ್ಪಯ್ಯನನ್ನ ಎತ್ತಿ ತಂದು ಕೂರಿಸಿ ಬೆಲ್ಟ್ ಹಾಕೋವರೆಗೂ ಎಂಜಿನ್ ಓಡ್ತಾನೇ ಇತ್ತು. ಗೇಟು ದಾಟಿ, ಇಳಿಜಾರು ಇಳಿದು, ಹಳ್ಳದ ಮೋರಿ ಹತ್ತಿರ ಬಂದಾಗ ಅವರು ಎಡಗೈ ಎತ್ತಿದರು. ಚಿಟಿಕೆ ಹಿಡಿದಿದ್ದ ಎರಡು ಬೆರಳನ್ನ ಬಿಡಿಸಿ ತೋರಿಸಿದರು. ನಾನು ಕ್ಲಿಪ್ಪು ತೆಗೆದೆ.